ಐದು ದಿನದ ಚೀಲಗಳು

ಹೌಕಿವಾರಾ
ಭಾನುವಾರ, 9 ಮಾರ್ಚ್ 2014

ಪ್ರೀತಿಯ ಹೆಲ್ವಿ,

ಹೇಗಿದ್ದೀಯ? ಮೊಣಕಾಲಿನ ಆಪರೇಷನ್ ಆದಮೇಲೆ ಮೆಟ್ಟಿಲು ಇಳಿಯುತ್ತಿದ್ದೀಯೋ, ಇಲ್ಲ ಇನ್ನೂ ಆ ಮೂರನೆಯ ಮಹಡಿಯ ಕಿಟಕಿಯಲ್ಲಿ ಕೂತು ಸ್ವೀಡನ್ನಿನ ದಾರಿಹೋಕರ ಟೋಪಿ ಎಣಿಸುತ್ತಿದ್ದೀಯೋ? ನಿನ್ನ ಕ್ರಿಸ್‌ಮಸ್ ಕಾರ್ಡು ಬಂದು ಮೂರು ತಿಂಗಳಾಗುತ್ತ ಬಂತು. ಕಾಫಿ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಡಬ್ಬಿ ತೆಗೆದಾಗಲೆಲ್ಲ ಅದು ನನ್ನನ್ನು ಬೈಯುತ್ತದೆ. ಉತ್ತರ ಬರೆಯದ್ದಕ್ಕೆ ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಜನವರಿಯಿಂದ ಈಚೆಗೆ ನನಗೆ ಪುರುಸೊತ್ತಿಗೇನೂ ಕೊರತೆಯಿಲ್ಲ. ಪೆನ್ನು ಹಿಡಿದರೆ ಕೈ ಭಾರ, ಅಷ್ಟೇ.

ಮೊದಲು ಸಣ್ಣಪುಟ್ಟ ಸುದ್ದಿ. ಈ ಸಲ ಹಿಮ ಅತಿಯಾಯಿತು. ಡಿಸೆಂಬರಿನಲ್ಲಿ ಛಾವಣಿಯಿಂದ ಜಾರಿದ ಹಿಮ ದೋಣಿಮನೆಯ ಬಾಗಿಲಿಗೆ ಅಡ್ಡ ಬಿದ್ದು ಕಲ್ಲಾಗಿದೆ. ತೌನೊನ ಬಲೆ, ಉಪಕರಣಗಳ ಪೆಟ್ಟಿಗೆ, ಎಲ್ಲ ಒಳಗೇ ಸಿಕ್ಕಿಕೊಂಡಿವೆ. ಏಪ್ರಿಲ್‌ವರೆಗೆ ಆ ಬಾಗಿಲು ತೆರೆಯುವ ಮಾತೇ ಇಲ್ಲ. ನಾಯಿಗೆ ಮುಪ್ಪು ಬಂದಿದೆ, ಬೊಗಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಬಂದವರು ಹೊರಟುಹೋಗಿರುತ್ತಾರೆ. ಇಗರ್ಜಿಯ ಹೆಂಗಸರ ಹೊಲಿಗೆ ಕೂಟಕ್ಕೆ ನಾನು ಹೋಗುವುದನ್ನು ಬಿಟ್ಟಿದ್ದೇನೆ. "ನಿನ್ನ ಗಂಡ ಹೇಗಿದ್ದಾನೆ?" ಎಂದು ಹನ್ನೆರಡು ಬಾಯಿ ಹನ್ನೆರಡು ಸಲ ಕೇಳಿದರೆ ಹದಿಮೂರನೆಯ ಸಲಕ್ಕೆ ನಾನು ಏನಾದರೂ ಅಂದುಬಿಟ್ಟೇನು.

ತೌನೊನ ಹೊಟ್ಟೆಯ ಕೊಳವೆ ಹೋಯಿತು, ಹೆಲ್ವಿ. ಇದನ್ನು ಬರೆಯಲಾಗದೆ ಇಷ್ಟು ದಿನ ಸುಮ್ಮನಿದ್ದೆ.

ಎರಡು ವರ್ಷದ ಹಿಂದೆ ಅವನ ಮೂತ್ರಪಿಂಡಗಳು ಕೈಕೊಟ್ಟಾಗ ಎರಡು ದಾರಿಯಿತ್ತು ಎಂದು ಬರೆದಿದ್ದೆನಲ್ಲ. ಒಂದು, ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುವುದು. ಹೋಗಲು ನೂರಹತ್ತು ಕಿಲೋಮೀಟರ್, ಬರಲು ಅಷ್ಟೇ. ಇನ್ನೊಂದು, ಹೊಟ್ಟೆಯೊಳಕ್ಕೆ ಒಂದು ಮೆತ್ತನೆಯ ಕೊಳವೆ ಹಾಕಿಸಿಕೊಂಡು, ಮನೆಯಲ್ಲೇ ದಿನಕ್ಕೆ ನಾಲ್ಕು ಸಲ ಚೀಲದಿಂದ ಎರಡು ಲೀಟರ್ ನೀರು ತುಂಬಿ, ಕೆಲವು ಗಂಟೆ ಬಿಟ್ಟು ಇಳಿಸುವುದು. ಮೈಯ ಕೊಳೆ ಆ ನೀರಿನ ಜೊತೆ ಇಳಿದುಹೋಗುತ್ತದೆ. ತೌನೊ ಎರಡನೆಯದನ್ನು ಆರಿಸಿಕೊಂಡ. ಆರಿಸಿಕೊಂಡದ್ದು ಅವನು, ಮಾಡಿದ್ದು ನಾನು. ಮೂವತ್ತು ವರ್ಷ ಕಾಡಿನಲ್ಲಿ ಮರ ಕೊಯ್ಯುವ ಯಂತ್ರ ಹಿಡಿದು ಅವನ ಬೆರಳುಗಳು ಬಿಳಿಚಿ ಸತ್ತಂತಾಗಿವೆ. ಅಂಗಿಯ ಗುಂಡಿ ಹಾಕಿಕೊಳ್ಳಲಾರದವನು ಕೊಳವೆಯ ಮುಚ್ಚಳ ತಿರುಗಿಸುವುದುಂಟೇ?

ಹಾಗಾಗಿ ಬೆಳಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಒಂಬತ್ತು. ಕಿಟಕಿ ಮುಚ್ಚು, ನಾಯಿಯನ್ನು ಹೊರಗೆ ಹಾಕು, ಮುಖಕ್ಕೆ ಬಟ್ಟೆ ಕಟ್ಟು, ಮೊಣಕೈವರೆಗೆ ಕೈ ತೊಳೆ. ಎರಡು ವರ್ಷದಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ಸಲ. ನನ್ನ ಅಕ್ಕನ ಮಣ್ಣಿಗೆ ಹೋದ ದಿನವೂ ಹನ್ನೊಂದರದ್ದು ಮುಗಿಸಿ, ನಾಲ್ಕಕ್ಕೆ ವಾಪಸು ಬಂದವಳು ನಾನು. ಆಸ್ಪತ್ರೆಯಲ್ಲಿ ಈ ವಿಭಾಗ ನೋಡಿಕೊಳ್ಳುವ ನರ್ಸ್ ಮರಿಕಾ ಎಲ್ಲರೆದುರು ಹೇಳಿದ್ದಳು: "ಲೆಂಪಿ ಅಮ್ಮನ ಕೈ ನೋಡಿ ಕಲ್ತ್ಕೊಳಿ. ಎರಡು ವರ್ಷ, ಒಂದು ಸಲಾನೂ ಸೋಂಕಿಲ್ಲ." ನನಗೆ ಹೆಮ್ಮೆಯಾಗಿತ್ತು. ಇಲ್ಲವೆಂದರೆ ನೀನು ನಂಬುವುದಿಲ್ಲ.

ತೌನೊಗೆ ಆ ಕೊಳವೆಯೆಂದರೆ ಹನ್ನೊಂದರಿಂದ ನಾಲ್ಕರವರೆಗಿನ ಐದು ಗಂಟೆ. ಹೊಟ್ಟೆ ತುಂಬ ನೀರು ತುಂಬಿಕೊಂಡು, ಮೇಲೆ ಎರಡು ಸ್ವೆಟರ್ ಎಳೆದುಕೊಂಡು, ಕೆರೆಯ ಮಂಜುಗಡ್ಡೆಯ ಮೇಲೆ ಮುಕ್ಕಾಲಿ ಇಟ್ಟು ಕೂರುತ್ತಿದ್ದ. ಒಂದು ತೂತು, ಒಂದು ಗೇಣು ಕೋಲು, ಒಂದು ಗಾಳದ ದಾರ. ನಾಲ್ಕು ಮೀನು ಸಿಕ್ಕ ದಿನವೂ ಒಂದೂ ಸಿಗದ ದಿನವೂ ಒಂದೇ ಮುಖ ಹೊತ್ತು ಬರುತ್ತಿದ್ದ.

ಜನವರಿಯಲ್ಲಿ ಒಂದು ಬುಧವಾರ ಬೆಳಗ್ಗೆ ಇಳಿಸಿದ ನೀರು ಗಂಜಿಯ ತಿಳಿಯ ಹಾಗಿತ್ತು. ಆ ಚೀಲವನ್ನು ದಿನಪತ್ರಿಕೆಯ ಮೇಲಿಟ್ಟು, ಅಕ್ಷರ ಕಾಣುತ್ತದೆಯೇ ಎಂದು ನೋಡುವುದು ನಮ್ಮ ದಿನದ ಕೆಲಸ. ಆವತ್ತು ಅಡಿಯಲ್ಲಿದ್ದದ್ದು ಸಾವಿನ ಸುದ್ದಿಯ ಪುಟ. ತೌನೊ ಬಗ್ಗಿ ನೋಡಿ, "ಯಾರು ಹೋದ್ರು ಅಂತ ಓದೋಕೂ ಆಗ್ತಿಲ್ವಲ್ಲೇ" ಅಂದ. ಹೊಟ್ಟೆ ನೋವೇ ಎಂದು ಕೇಳಿದರೆ, "ಸ್ವಲ್ಪ" ಅಂದ. ಕಾಲಿನ ಮೇಲೆ ಮರ ಬಿದ್ದಾಗಲೂ ಅವನು ಸ್ವಲ್ಪ ಅಂದಿದ್ದವನೇ.

ಆಸ್ಪತ್ರೆಯಲ್ಲಿ ಹೊಟ್ಟೆಯೊಳಗಿನ ಪೊರೆಗೆ ಸೋಂಕು ತಗುಲಿದೆ ಎಂದರು. ಎಲ್ಲಿಂದ ಬಂತು ಎಂದರೆ, ಎಷ್ಟೋ ಸಲ ಗೊತ್ತಾಗುವುದೇ ಇಲ್ಲವಂತೆ. ಆವತ್ತು ಕರ್ತವ್ಯದಲ್ಲಿದ್ದ ಎಳೆಯ ಡಾಕ್ಟರು ಕೈಯ ನರಕ್ಕೆ ಸೂಜಿ ಚುಚ್ಚಿ, ರಕ್ತಕ್ಕೆ ಔಷಧಿ ಬಿಡೋಣ, ಎರಡು ವಾರ ಇಲ್ಲೇ ಮಲಗಲಿ ಎಂದರು. "ಎರಡು ವಾರ ಇಲ್ಲಿ ಮಲಗಿದ್ರೆ ನಿಮ್ಮ ಔಷಧಿ ಬೇಡ, ಬೇಜಾರೇ ಸಾಕು ನನ್ನ ಸಾಯ್ಸೋಕೆ. ಮಾತ್ರೆ ಕೊಡಿ, ಮನೇಲಿ ನುಂಗ್ತೀನಿ" ಎಂದ ತೌನೊ.

ಮರಿಕಾ ಇಬ್ಬರನ್ನೂ ಸುಮ್ಮನಾಗಿಸಿದಳು. "ತೌನೊ ಅವ್ರೆ, ಮಾತ್ರೆ ಹೋಗೋ ಹೊಟ್ಟೆ ಬೇರೆ, ನಿಮ್ಮ ನೀರು ನಿಲ್ಲೋ ಜಾಗ ಬೇರೆ. ಡಾಕ್ಟ್ರೆ, ಬೆಂಕಿ ಬಿದ್ದಿರೋದು ಒಳಕೋಣೇಲಿ. ರಕ್ತದ ದಾರೀಲಿ ಕಳಿಸಿದ್ರೆ ಔಷಧಿ ಊರೆಲ್ಲ ಸುತ್ಕೊಂಡು ಅಲ್ಲಿಗೆ ಬರ್ಬೇಕು. ಚೀಲದ ನೀರಿಗೇ ಬೆರೆಸಿ ಒಳಗೆ ಬಿಟ್ರೆ ನೇರ ಬೆಂಕಿ ಮೇಲೇ ಬೀಳುತ್ತೆ." ಹಿರಿಯ ಡಾಕ್ಟರ್ ಹಕಲಾ, ಐವತ್ತು ದಾಟಿದ ಬಿಗಿ ತುಟಿಯ ಹೆಂಗಸು, ಬಂದು ಹೊಟ್ಟೆ ಒತ್ತಿ ನೋಡಿ ಮರಿಕಾ ಹೇಳಿದ್ದೇ ಸರಿ ಎಂದರು. ಜ್ವರ ಹೆಚ್ಚಿಲ್ಲ, ಮನೆಗೆ ಹೋಗಬಹುದು. ದಿನಕ್ಕೊಂದು ಔಷಧಿಯ ಚೀಲ, ಆರು ಗಂಟೆ ಒಳಗಿರಬೇಕು. ಆದರೆ ಒಂದು ಮಾತು ಎಂದು ಬೆರಳೆತ್ತಿದರು: "ಐದು ದಿನ ನೋಡ್ತೀನಿ. ಆಮೇಲೂ ನೀರು ತಿಳಿಯಾಗ್ಲಿಲ್ಲ ಅಂದ್ರೆ ಕೊಳವೆ ತೆಗೀತೀನಿ. ಬೇಡ್ಕೊಂಡ್ರೂ ಬಿಡಲ್ಲ."

ಮೊದಲ ಚೀಲ ಅಲ್ಲೇ ಆಯಿತು. ದಿನಾ ಅಷ್ಟು ದೂರ ಓಡಾಡುವುದು ಬೇಡವೆಂದು ಮರಿಕಾ ಐದು ಚೀಲಗಳಿಗೆ ತನ್ನ ಕೈಯಾರೆ ಔಷಧಿ ಚುಚ್ಚಿ, ಗುರುವಾರದಿಂದ ಸೋಮವಾರದವರೆಗೆ ಒಂದೊಂದರ ಮೇಲೂ ದಿನದ ಹೆಸರು ಬರೆದು, ನೀಲಿ ತಂಪು ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟಳು. ಫ್ರಿಜ್ಜಿನಲ್ಲಿ ಇಡಬೇಕು, ಬಳಸುವ ಮೊದಲು ಚೀಲ ಕಾಯಿಸುವ ವಿದ್ಯುತ್ ಹಲಗೆಯ ಮೇಲಿಟ್ಟು ಮೈಯಷ್ಟು ಬೆಚ್ಚಗೆ ಮಾಡಬೇಕು. ಮಾಡಬಾರದ್ದರ ಪಟ್ಟಿಯನ್ನೂ ಕೊಟ್ಟಳು.

ಆ ವಾರ ಚಳಿ ಸೊನ್ನೆಗಿಂತ ಮೂವತ್ನಾಲ್ಕು ಡಿಗ್ರಿ ಕೆಳಗಿತ್ತು. ಗೋಡೆಯೊಳಗಿನ ಮರದ ದಿಮ್ಮಿಗಳು ಬಂದೂಕಿನ ಹಾಗೆ ಸಿಡಿಯುತ್ತಿದ್ದವು. ಫ್ರಿಜ್ಜಿನಿಂದ ತೆಗೆದ ಗುರುವಾರದ ಚೀಲ ಎರಡು ಗಂಟೆ ಹಲಗೆಯ ಮೇಲಿದ್ದರೂ ನಡುವೆ ತಣ್ಣಗೇ ಇತ್ತು. ಅದು ಒಳಗೆ ಇಳಿಯುತ್ತಿದ್ದಂತೆ ತೌನೊ ಹಲ್ಲು ಕಟಕಟ ಎನ್ನಿಸಿಕೊಂಡು ಒಂದು ಗಂಟೆ ನಡುಗಿದ. ನೋಡಲಾಗಲಿಲ್ಲ. ಶುಕ್ರವಾರದಿಂದ ನಾನು ದಿನವೂ ಬೆಳಗ್ಗೆಯೇ ಅಂಗಳದಾಚೆ ನಾವು ಬೆವರಿಳಿಸಿ ಮೀಯುವ ಸೌನಾಕ್ಕೆ ಬೆಂಕಿ ಹಾಕಿದೆ. ಕಲ್ಲು ಕಾದು ಕೋಣೆ ತುಂಬ ಶಾಖವಾದ ಮೇಲೆ ಅವನ ಅಂಗಿ, ಹೊದಿಕೆ, ಟವೆಲಿನಲ್ಲಿ ಸುತ್ತಿದ ಆ ದಿನದ ಚೀಲ, ಎಲ್ಲವನ್ನೂ ಅಲ್ಲೇ ಬೆಚ್ಚಗಿಟ್ಟೆ. ಹೊರಗೆ ತಂದು, ಮಗುವಿನ ಹಾಲು ನೋಡುವಂತೆ ಮಣಿಕಟ್ಟಿಗೆ ಒತ್ತಿ ನೋಡಿ, ಹದವಾದ ಮೇಲೆ ಹಾಕಿದೆ. ಅವನು ನಡುಗಲಿಲ್ಲ. "ಈಗ ಮನುಷ್ಯನ ಹಾಗಿದ್ದೀನಿ" ಎಂದ.

ಶುಕ್ರವಾರ ಪತ್ರಿಕೆಯ ದಪ್ಪಕ್ಷರ ಕಂಡಿತು. ಇಬ್ಬರೂ ಖುಷಿಯಿಂದ ಎರಡೆರಡು ಲೋಟ ಕಾಫಿ ಕುಡಿದೆವು. ಶನಿವಾರ ದಪ್ಪಕ್ಷರವೂ ಮಸುಕಾಯಿತು. ಭಾನುವಾರ ಇನ್ನೂ ಮಸುಕು. ಸೋಮವಾರ ಅವನು ಗೋಡೆಯ ಕಡೆ ತಿರುಗಿ ಮಲಗಿ, "ಸ್ವಲ್ಪ ಹೆಚ್ಚೇ ನೋವಾಗ್ತಿದೆ, ಲೆಂಪಿ" ಎಂದ. ನಲವತ್ತಾರು ವರ್ಷದ ಸಂಸಾರದಲ್ಲಿ ಆ 'ಹೆಚ್ಚೇ' ಕೇಳಿದ್ದು ಆವತ್ತೇ.

ಮಂಗಳವಾರ ಡಾಕ್ಟರ್ ಹಕಲಾ ಚೀಲವನ್ನು ಬೆಳಕಿಗೆ ಹಿಡಿದು, ಕೆಳಗಿಟ್ಟು, "ಹೀಗಾಗಬಾರ್ದಿತ್ತು. ಆ ಕ್ರಿಮಿಗೆ ಈ ಔಷಧಿ ತಕ್ಕದ್ದೇ, ಪರೀಕ್ಷೇಲಿ ಬಂದಿದೆ. ಆರು ಗಂಟೆ ಒಳಗಿತ್ತಾ?" ಎಂದರು. ನಾನು ಉತ್ತರಿಸುವ ಮೊದಲೇ ತೌನೊ ಬಾಯಿ ಹಾಕಿದ. "ಇರ್ಲಿಲ್ಲ. ಆರು ಗಂಟೆ ಯಾರು ಇಟ್ಕೊಂಡಿರ್ತಾರೆ, ಹೊಟ್ಟೆ ಉರೀತಿತ್ತು. ಇವಳು ಸೌದೆಗೆ ಹೋದಾಗ ಇಳಿಸಿಬಿಡ್ತಿದ್ದೆ."

"ಈ ಬೆರಳಲ್ಲಿ?" ಎಂದಳು ಮರಿಕಾ.

"ಇಕ್ಕಳ ಇದ್ಯಲ್ಲ."

ಮರಿಕಾ ಕುರ್ಚಿ ಎಳೆದು ಕೂತಳು. ಅಷ್ಟು ಶುದ್ಧವಾಗಿಡಬೇಕಾದ ಕೊಳವೆಗೆ ಮೀನಿನ ಇಕ್ಕಳ. ಅವಳ ಕಣ್ಣಲ್ಲಿ ನೀರೇ ಬಂತು, ಕೋಪಕ್ಕೋ ದುಃಖಕ್ಕೋ ತಿಳಿಯಲಿಲ್ಲ. "ನಾಚಿಕೆ ಆಗಲ್ವಾ ನಿಮಗೆ? ಆ ಅಮ್ಮ ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ನ ಒಂದು ವಾರದಲ್ಲಿ ಹಾಳು ಮಾಡಿದ್ರಲ್ಲ" ಎಂದಳು. ತೌನೊ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಕೂತಿದ್ದ. ಹಕಲಾ ಕಡತದಲ್ಲಿ ಬರೆದುಕೊಂಡರು.

ಮರುದಿನವೇ ಕೊಳವೆ ತೆಗೆದರು. ಕೊನೆಗೂ ಎರಡು ವಾರ ಅಲ್ಲೇ ಮಲಗಿದ, ಕೊನೆಗೂ ಕೈಯ ನರಕ್ಕೇ ಔಷಧಿ ಇಳಿಸಿದರು. ವಾಸಿಯಾಯಿತು. ಈಗ ರಕ್ತ ತೊಳೆಯುವ ಯಂತ್ರಕ್ಕೆಂದು ಕೊರಳ ಬುಡದಲ್ಲಿ ಒಂದು ನಳಿಕೆ ತೂರಿಸಿಕೊಂಡಿದ್ದಾನೆ. ಅದಕ್ಕೆ ನೀರು ತಾಗಬಾರದು, ಬೆವರೂ ಕೂಡದು. ಹಾಗಾಗಿ ನಮ್ಮ ಸೌನಾ ಜನವರಿಯಿಂದ ತಣ್ಣಗಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರಕ್ಕೆ ರೈಮೊನ ಟ್ಯಾಕ್ಸಿ ಅಂಗಳಕ್ಕೆ ಬರುತ್ತದೆ. ರೈಮೊ ಹೋಗುವಾಗ ತನ್ನ ಮೊದಲ ಹೆಂಡತಿಯ ಕಥೆ ಹೇಳುತ್ತಾನಂತೆ, ಬರುವಾಗ ಎರಡನೆಯವಳದ್ದು. "ಅವನಿಗೆ ಮೂರನೇ ಮದ್ವೆ ಆದ್ರೆ ನಾನು ನಡ್ಕೊಂಡೇ ಬರ್ತೀನಿ" ಎನ್ನುತ್ತಾನೆ ತೌನೊ. ಸಂಜೆ ಮನೆಗೆ ಬಂದರೆ ಬೂಟು ಬಿಚ್ಚುವಷ್ಟೂ ತ್ರಾಣವಿರುವುದಿಲ್ಲ. ನಾನು ಬಿಚ್ಚುತ್ತೇನೆ. ಮರುದಿನ ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಬಿದ್ದಿರುತ್ತಾನೆ, ಎದ್ದು ಕೂರುವಷ್ಟರಲ್ಲಿ ಮತ್ತೆ ಟ್ಯಾಕ್ಸಿಯ ದಿನ.

ಹೊಟ್ಟೆಗೆ ಮತ್ತೆ ಕೊಳವೆ ಹಾಕಬಹುದು ಎಂಬುದೊಂದು ಮಾತಿದೆ. ಒಳಗೆಲ್ಲ ಚೆನ್ನಾಗಿ ವಾಸಿಯಾಗಿದೆಯಂತೆ. ಫೆಬ್ರುವರಿಯಲ್ಲಿ ತೌನೊ ಕೇಳಿದ್ದಕ್ಕೆ ಹಕಲಾ, "ನಿಮ್ಮ ಹೊಟ್ಟೆ ತಯಾರಿದೆ. ಆದ್ರೆ ಇಕ್ಕಳ ಹಿಡಿಯೋ ಕೈಗೆ ನಾನು ಇನ್ನೊಂದು ಕೊಡಲ್ಲ. ಮುಂದಿನ ಸಲ ನೀವು ಸಾಯ್ತೀರ" ಎಂದರಂತೆ. ನಾಳೆ ಸೋಮವಾರ ಡಾಕ್ಟರು, ಮರಿಕಾ ಎಲ್ಲ ಕೂತು ಕೊನೆಯ ತೀರ್ಮಾನ ಮಾಡುತ್ತಾರೆ. ಬೇಡವೆಂದರೆ ಕೈಯ ರಕ್ತನಾಳಕ್ಕೆ ಆಪರೇಷನ್ ಮಾಡಿ ಯಂತ್ರಕ್ಕೆ ಕಾಯಂ ಮಾಡಿಬಿಡುತ್ತಾರೆ. ಆಮೇಲೆ ಅವನಿರುವಷ್ಟು ದಿನ ರೈಮೊನ ಹೆಂಡತಿಯರೇ ಗತಿ.

ತನಗೇನೂ ಅನ್ನಿಸಿಲ್ಲವೆಂಬಂತೆ ಇದ್ದಾನೆ. ಆದರೆ ಮಾರ್ಚ್ ಅಂದರೆ ಏನೆಂದು ನಿನಗೆ ಗೊತ್ತು. ಬಿಸಿಲು ಬಂದಿದೆ, ಮಂಜುಗಡ್ಡೆ ಇನ್ನೂ ಮೊಳಗಟ್ಟಲೆ ದಪ್ಪ, ಊರಿನ ಗಂಡಸರೆಲ್ಲ ಕೆರೆಯ ಮೇಲೆ. ನಿನ್ನೆ ಅವನು ಕಿಟಕಿಯ ಹತ್ತಿರ ನಿಂತು ಒಂದೊಂದೇ ಮುಕ್ಕಾಲಿಗೆ ಬೆರಳು ತೋರಿಸಿ ಯಾರು ಎಲ್ಲಿ ಕೂತಿದ್ದಾರೆ ಎಂದು ನನಗೆ ಹೇಳಿದ. ನಾನು ಕೇಳಿರಲಿಲ್ಲ.

ಸರಿ, ಕಾಗದ ಮುಗಿಯುತ್ತ ಬಂತು. ಮೊಣಕಾಲಿಗೆ ದಿನಾ ಎಣ್ಣೆ ಹಚ್ಚು, ಡಾಕ್ಟರು ಬೇಡ ಅಂದರೂ ಹಚ್ಚು. ಅಳಿಯನ ಮೇಲೆ ರೇಗಬೇಡ, ಅವನು ಸ್ವೀಡನ್ನಿನವನು, ನಿನ್ನ ಬೈಗುಳದ ಅರ್ಧ ಅವನಿಗೆ ಅರ್ಥವಾಗುವುದಿಲ್ಲ. ದೇವರು ನಿನ್ನನ್ನು ನಿನ್ನ ಕಾಲ ಮೇಲೆ ನಿಲ್ಲಿಸಲಿ, ಇನ್ನೊಂದು ಬೇಸಿಗೆಗಾದರೂ ನಮ್ಮಿಬ್ಬರನ್ನು ಒಂದೇ ಹಾಸುಗಲ್ಲಿನ ಮೇಲೆ ಕೂರಿಸಲಿ.

ನಿನ್ನ
ಲೆಂಪಿ

ತಾ.ಕ. ಲಕೋಟೆ ಅಂಟಿಸಿಯಾಗಿತ್ತು. ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಪ್ರಶ್ನೆಯನ್ನು ಬರೆಯದೆ ಬಿಟ್ಟಿದ್ದೆ.

ಆ ಮಂಗಳವಾರ ಆರು ಗಂಟೆಯ ಮಾತಿಗೆ ಮೊದಲು ಹಕಲಾ ಇನ್ನೊಂದು ಕೇಳಿದ್ದರು. "ಚೀಲ ಎಲ್ಲಾದ್ರೂ ತುಂಬ ಬಿಸಿಯಾಯ್ತಾ? ಈ ಔಷಧಿ ಶಾಖ ತಡೆಯಲ್ಲ, ಸತ್ತುಹೋಗುತ್ತೆ. ಆಮೇಲೆ ಬರೀ ನೀರು ಹಾಕ್ದಂಗೆ." ನನ್ನ ಕಣ್ಣ ಮುಂದೆ ಸೌನಾದ ಮೇಲಿನ ಹಲಗೆ ಬಂದು ನಿಂತಿತು. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ, ಕೈ ಇಟ್ಟರೆ ಸುಡುವ ಆ ಹಲಗೆಯ ಮೇಲೆ, ಐದರಲ್ಲಿ ನಾಲ್ಕು ಚೀಲ. ಆರಿಸಿ ಮಣಿಕಟ್ಟಿಗೆ ಒತ್ತಿ ನೋಡಿದಾಗ ಹದವಾಗಿಯೇ ಇತ್ತು. ಒಳಗಿನ ಔಷಧಿ ಸತ್ತಿದ್ದು ಮಣಿಕಟ್ಟಿಗೆ ಹೇಗೆ ಗೊತ್ತಾಗಬೇಕು?

ಹೇಳಬೇಕೆಂದು ನಾನು ಬಾಯಿ ತೆರೆದೆ, ಹೆಲ್ವಿ. ತೌನೊ ನನ್ನ ಮುಖ ನೋಡಿದ. "ಎಲ್ಲೂ ಬಿಸಿಯಾಗ್ಲಿಲ್ಲ" ಎಂದ. ಆಮೇಲೆ ಆ ಇಕ್ಕಳದ ಕಥೆ. ಇಕ್ಕಳವಿರುವುದು ದೋಣಿಮನೆಯ ಪೆಟ್ಟಿಗೆಯಲ್ಲಿ. ಡಿಸೆಂಬರಿನಿಂದ ಆ ಬಾಗಿಲು ತೆರೆದಿಲ್ಲ. ಔಷಧಿಯ ಚೀಲ ಅವನ ಹೊಟ್ಟೆಯಲ್ಲಿದ್ದಷ್ಟು ಹೊತ್ತೂ ನಾನು ಗಡಿಯಾರದ ಕೆಳಗೇ ಕೂತಿದ್ದೆ, ಆರು ಗಂಟೆಗೆ ಒಂದು ನಿಮಿಷ ಕಡಿಮೆಯಾಗಿಲ್ಲ.

ಮನೆಗೆ ಬಂದು ಮರಿಕಾಳ ಪಟ್ಟಿ ತೆಗೆದು ನೋಡಿದೆ. ಮೈಕ್ರೊವೇವ್ ಬೇಡ, ಕುದಿನೀರು ಬೇಡ, ಒಲೆ ಬೇಡ, ಗೋಡೆಯ ಹೀಟರು ಬೇಡ. ಸೌನಾ ಎಂದು ಬರೆದಿಲ್ಲ. ಯಾರು ಬರೆಯುತ್ತಾರೆ? ನಿನ್ನ ತಾಯಿ ನಿನ್ನನ್ನು ಹೆತ್ತದ್ದು ಸೌನಾದಲ್ಲಿ, ನನ್ನ ತಾಯಿಯ ಹೆಣ ತೊಳೆದದ್ದು ಸೌನಾದಲ್ಲಿ. ಅಲ್ಲಿಗೆ ಒಯ್ದದ್ದು ಕೆಡುತ್ತದೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಅದು ತಿಳಿಯದೆ ಆದದ್ದು, ಅದನ್ನು ನಾನು ಹೇಗಾದರೂ ಹೊತ್ತೇನು. ಹೊರಲಾಗದ್ದು ಬೇರೆ. ಏಳು ವಾರ ಬಾಯಿ ಮುಚ್ಚಿಕೊಂಡಿದ್ದೇನಲ್ಲ, ಅದು ಮರಿಕಾಳ ಹೊಗಳಿಕೆ ಕಳೆದುಕೊಳ್ಳುವ ಭಯಕ್ಕೆ ಎಂದು ಮೊದಲು ಅಂದುಕೊಂಡಿದ್ದೆ. ಅಲ್ಲ. ಟ್ಯಾಕ್ಸಿ ಹೋದ ಮೇಲೆ ನಾನು ಮಲಗುತ್ತೇನೆ. ಬಟ್ಟೆಯನ್ನೂ ಬದಲಾಯಿಸದೆ, ಬೆಳಗ್ಗೆ ಆರೂವರೆಗೆ ಬಿದ್ದು ಮಧ್ಯಾಹ್ನ ಎರಡಕ್ಕೆ ಏಳುತ್ತೇನೆ. ಎರಡು ವರ್ಷದಲ್ಲಿ ನಾನು ಹಾಗೆ ಮಲಗಿರಲಿಲ್ಲ. ನಾನು ಒಂದು ಮಾತು ಹೇಳಿದರೆ ಅವನಿಗೆ ಕೊಳವೆ ವಾಪಸು ಬರುತ್ತದೆ, ಕೆರೆ ವಾಪಸು ಬರುತ್ತದೆ. ನನಗೆ ಆರು, ಹನ್ನೊಂದು, ನಾಲ್ಕು, ಒಂಬತ್ತು ವಾಪಸು ಬರುತ್ತವೆ. ನನಗೆ ಅದು ಬೇಡವಾಗಿತ್ತು. ಬೇಡವಾಗಿತ್ತು ಎಂದು ಬರೆಯಲು ಇಷ್ಟು ಹಾಳೆ ಬೇಕಾಯಿತು.

ಈಗ ಸ್ವಲ್ಪ ಹೊತ್ತಿನ ಮುಂಚೆ, ನಾಳೆ ನಾನೂ ಬರುತ್ತೇನೆ, ಹಕಲಾಗೆ ಒಂದು ಮಾತು ಹೇಳುವುದಿದೆ ಎಂದೆ. ತೌನೊ ಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ನೀನ್ಯಾಕೆ ಬರ್ತೀಯ? ಮನೇಲಿರು. ನಾನು ಹೋದ ದಿನ ತಾನೆ ನೀನು ನಿದ್ದೆ ಮಾಡೋದು" ಎಂದ.

ಅವನಿಗೆ ಗೊತ್ತು, ಹೆಲ್ವಿ. ಸೌನಾದ್ದೂ ಗೊತ್ತು, ನಿದ್ದೆಯದ್ದೂ ಗೊತ್ತು. ಮೊದಲ ವಾರದಿಂದಲೇ ಗೊತ್ತಿತ್ತೋ ಏನೋ. ನಾನು ಎದ್ದು ಹೋಗಿ ಇಬ್ಬರಿಗಾಗುವಷ್ಟು ರೈ ರೊಟ್ಟಿಗೆ ಬೆಣ್ಣೆ ಸವರಿ ಕಟ್ಟಿಟ್ಟೆ. ನನ್ನ ಕೋಟನ್ನು ಅವನ ಕೋಟಿನ ಪಕ್ಕ, ಬಾಗಿಲ ಮೊಳೆಗೆ ನೇತುಹಾಕಿದ್ದೇನೆ. ಈ ಕಾಗದವನ್ನು ಪಟ್ಟಣದ ಅಂಚೆ ಡಬ್ಬಿಗೆ ನಾನೇ ಹಾಕುತ್ತೇನೆ.